ಬೇಳೆ ಬೇಯುವ ನೀರು

ಜುಲೈ 9, ಮಂಗಳವಾರ

ಫಿಲ್ಟರ್ ಹಂಚುವ ಕೆಲಸ ಇವತ್ತಿಗೆ ಮುಗಿಯಿತು. ಸೊಂಟ ನನ್ನದೋ ಬೇರೆಯವರದೋ ಗೊತ್ತಾಗುತ್ತಿಲ್ಲ. ಲ್ಯಾಬಿನ ದಾಖಲೆಯಲ್ಲಿ ಬಸ್ಸನ್ನು ಬೈದು ಬರೆಯುವಂತಿಲ್ಲ, ಅದಕ್ಕೇ ಈ ಡೈರಿ. ಚಿಕ್ಕಬಳ್ಳಾಪುರದಿಂದ ಗೌರಿಬಿದನೂರಿಗೆ ಒಂದು ಬಸ್ಸು, ಅಲ್ಲಿಂದ ವಿದುರಾಶ್ವತ್ಥದ ಕಡೆಗೆ ಇನ್ನೊಂದು, ಇಳಿದ ಮೇಲೆ ನಲ್ಲಬಂಡಹಳ್ಳಿಗೆ ನಡಿಗೆ. ಮಂಚೇನಹಳ್ಳಿ ದಾಟುವವರೆಗೂ ನಿಂತೇ ಇದ್ದೆ.

ಊರ ಬಂಡೆಯ ಪಕ್ಕದ ಬೋರಿನಲ್ಲಿ ಫ್ಲೋರೈಡ್ 4.2. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದು. ಇದೇ ನೀರು ಇಡೀ ಊರಿಗೆ. ನಮ್ಮ ಫಿಲ್ಟರ್ ಎಂದರೆ ಒಂದರ ಮೇಲೊಂದು ಕೂರಿಸಿದ ಎರಡು ಸ್ಟೀಲ್ ಡಬ್ಬಿ. ಮೇಲಿನದರಲ್ಲಿ ಸಬ್ಬಕ್ಕಿಯಂತೆ ಕಾಣುವ ಅಲ್ಯೂಮಿನಾ ಕಾಳು. ಅದು ಫ್ಲೋರೈಡನ್ನು ಹಿಡಿದುಕೊಂಡು ನೀರನ್ನು ಕೆಳಗೆ ಬಿಡುತ್ತದೆ. ಕೆಳಗಿನ ಡಬ್ಬಿಯ ನೀರು 0.6. ಚಿಕ್ಕ ಮಕ್ಕಳಿರುವ ಮನೆಗಳಿಗೆ ಮಾತ್ರ ಕೊಟ್ಟಿದ್ದೇವೆ, ಕಾಲೊನಿಯಲ್ಲಿ ಕೆಲವು, ಮೇಲಿನ ಬೀದಿಯಲ್ಲಿ ಕೆಲವು. ತಿಂಗಳಿಗೊಮ್ಮೆ ಆ ಮಕ್ಕಳ ಮೂತ್ರ ಪರೀಕ್ಷೆ. ಮೈಯಿಂದ ಹೊರಬರುವ ಫ್ಲೋರೈಡ್ ಇಳಿದರೆ ಒಳಗೆ ಹೋಗುವುದೂ ಇಳಿದಿದೆ ಎಂದರ್ಥ. ಡಿಸೆಂಬರಿನೊಳಗೆ ಇಳಿಯದಿದ್ದರೆ ಫಿಲ್ಟರುಗಳನ್ನೆಲ್ಲ ವಾಪಸ್ ತೆಗೆದುಕೊಂಡು ಬೇರೆ ಜಿಲ್ಲೆಗೆ ಕೊಡುತ್ತಾರೆ. ನನ್ನ ಗೈಡ್ ಶೈಲಜಾ ಮೇಡಂ ಇದನ್ನು ಹವಾಮಾನ ವರದಿ ಓದಿದಂತೆ ಹೇಳಿದರು.

ಊಟ ಕಾಲೊನಿಯಲ್ಲಿ, ಮುನಿಗಂಗಮ್ಮನ ಮನೆಯಲ್ಲಿ. ಒಲೆಯ ಪಕ್ಕದಲ್ಲೇ ಕೂತೆ. ಹೋದ ವಾರ ಕೊಟ್ಟ ಫಿಲ್ಟರಿಗೆ ಆಗಲೇ ದೂರು.

"ಅಮೃತಮ್ಮ, ಈ ನೀರಾಗೆ ಬೇಳೆ ಬೇಯಲ್ಲ ಕಣಮ್ಮ. ನಲ್ಲಿ ನೀರಾದ್ರೆ ಕುಕ್ಕರ್ ಎರಡು ಕೂಗಿಗೆ ಆಗೋಯ್ತಿತ್ತು."

"ಅರ್ಧ ಗಂಟೆ ನೆನೆಹಾಕಕ್ಕ, ಇನ್ನೊಂದು ಕೂಗು ಕೂಗ್ಸು. ಅಡುಗೆಗೂ ಇದೇ ನೀರು ಹಾಕ್ಬೇಕು" ಎಂದೆ. ಬೈದುಕೊಂಡೇ ನೆನೆಹಾಕಿದರು. ಪಕ್ಕದ ಮನೆಯವರಿಗೂ ಬೈದುಕೊಂಡೇ ಹೇಳಿದರು.

ಮೇಲಿನ ಬೀದಿಯಲ್ಲಿ ಲಕ್ಷ್ಮೀನರಸಮ್ಮನವರ ಮನೆ ಕೊನೆಯದು. ಮಂಡಿ ನೋವಿದ್ದರೂ ಎದ್ದು ಬಂದು, "ರಾಮ್ಮಾ, ಕೂತ್ಕೊ" ಎಂದು ಅರ್ಧ ತೆಲುಗಿನಲ್ಲಿ ಕರೆದು ಜಗಲಿ ಒರೆಸಿಕೊಟ್ಟರು. ಪ್ರೀತಿಯ ಹೆಂಗಸು. ನನ್ನನ್ನು ನೀರಿನ ಹುಡುಗಿ ಎನ್ನುತ್ತಾರೆ. ಫಿಲ್ಟರನ್ನು ಗಂಗಾಧರ್ ಒಳಗೆ ಹೊತ್ತು ಜೋಡಿಸಿದ. ಅವನು ನಮ್ಮ ಪ್ರಾಜೆಕ್ಟಿನ ಇಂಜಿನಿಯರ್, ಅವರಿಗೆ ದೂರದ ನೆಂಟ ಬೇರೆ. ನಾನು ಜಗಲಿಯಲ್ಲೇ ಕೂತು, ಮಗುವಿಗೆ ಕುಡಿಯಲು ಇದೇ ನೀರು ಕೊಡಬೇಕೆಂದು ಹೇಳಿದೆ. ಪೇಪರ್ ಕಪ್ಪಿನಲ್ಲಿ ಕಾಫಿ ಬಂತು. ಪೇಪರ್ ಕಪ್ ಒಳ್ಳೆಯದೇ, ತೊಳೆಯುವ ರಗಳೆಯಿಲ್ಲ. ಗಂಗಾಧರ್‌ಗೆ ಒಳಗೆ ಸ್ಟೀಲ್ ಲೋಟದಲ್ಲಿ ಕೊಟ್ಟರಂತೆ, ತುಟಿ ಸುಟ್ಟುಕೊಂಡು ಬಂದ.

ಅವರ ಮೊಮ್ಮಗಳು ಲಾವಣ್ಯಳಿಗೆ ಮೂರು ವರ್ಷ. ಹಾಲುಹಲ್ಲು ಬೆಳ್ಳಗಿದೆ. ಮುಂದೆ ಬರುವ ಹಲ್ಲುಗಳು ಈಗ ವಸಡಿನೊಳಗೆ ತಯಾರಾಗುತ್ತಿವೆ. ಈಗ ಹೊಟ್ಟೆಗೆ ಹೋಗುವ ನೀರೇ ಅವುಗಳ ಬಣ್ಣ ತೀರ್ಮಾನಿಸುವುದು. ನನ್ನವು ತೀರ್ಮಾನವಾಗಿ ಬಹಳ ಕಾಲವಾಯಿತು. ಕಂದು ಪಟ್ಟೆ. ಯಾವ ಫೋಟೊದಲ್ಲೂ ನಾನು ಬಾಯಿ ಬಿಟ್ಟಿಲ್ಲ. ಲಾವಣ್ಯ ಮಾತ್ರ ಸುಮ್ಮಸುಮ್ಮನೆ ನಗುತ್ತಾಳೆ. ಅವಳ ಹಲ್ಲು ಉಳಿಯಬೇಕು.

ಆಗಸ್ಟ್ 14, ಬುಧವಾರ

ಮೊದಲ ಸುತ್ತಿನ ಫಲಿತಾಂಶ. ಕಾಲೊನಿ ಮಕ್ಕಳದು 4.4 ಇದ್ದದ್ದು ಸರಾಸರಿ 2.1ಕ್ಕೆ ಇಳಿದಿದೆ. ಮೇಲಿನ ಬೀದಿಯದು 4.3 ಇದ್ದದ್ದು 4. ಇದನ್ನು ಇಳಿಕೆ ಎನ್ನಲು ನನಗೆ ನಾಚಿಕೆ.

ಅದೇ ಬೋರು, ಅದೇ ಫಿಲ್ಟರು. ಮೇಡಂ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಇನ್ನೊಂದ್ಸಲ ರನ್ ಮಾಡಮ್ಮ" ಎಂದರು.

ಆಗಸ್ಟ್ 15

ರಜೆ. ಮತ್ತೆ ಪರೀಕ್ಷಿಸಿದೆ. ಅದೇ ಅಂಕಿ.

ಆಗಸ್ಟ್ 25, ಭಾನುವಾರ

ಶಿಡ್ಲಘಟ್ಟಕ್ಕೆ, ಮನೆಗೆ ಬಂದಿದ್ದೇನೆ. ಬೆಳಿಗ್ಗೆ ಬುದ್ಧವಂದನೆ ಮುಗಿಸಿ ಅಪ್ಪ ನನ್ನ ಬ್ಯಾಗ್ ತಡಕಿ ನೋಡಿದರು, ನೀರಿನ ಬಾಟಲಿ ಇದೆಯೋ ಇಲ್ಲವೋ ಎಂದು. ಅವರು ಕರೆಂಟಿನ ಮೀಟರ್ ರೀಡರ್ ಆಗಿ ರಿಟೈರ್ ಆದವರು. ಸರ್ವಿಸ್ ಪೂರ್ತಿ ಸೈಕಲ್ಲಿಗೆ ಬಾಟಲಿ ಕಟ್ಟಿಕೊಂಡೇ ತಿರುಗಿದರು.

"ಮೀಟರ್ರು ಹೊರಗೋಡೇಲೇ ಇರ್ತದಮ್ಮ. ಒಳಿಕ್ಕೆ ಹೋಗೋ ಕೆಲ್ಸಾನೇ ಬೀಳ್ಲಿಲ್ಲ ನಂಗೆ. ಯಾರತ್ರಾನೂ ಒಂದ್ ಮಾತು ಅನ್ನಿಸ್ಕಂಡಿಲ್ಲ" ಎಂದರು. ಹೆಮ್ಮೆಯಿಂದಲೇ ಹೇಳಿದರು.

ಮೇಲಿನ ಬೀದಿಯ ಅಂಕಿಗಳ ಬಗ್ಗೆ ಹೇಳಿದೆ. "ಅವರು ಫಿಲ್ಟರ್ರು ಮೂಲೇಲಿಟ್ಟು ಮೇಲೊಂದು ಹೂವಿನ ಕುಂಡ ಇಟ್ಟಿರ್ತಾರೆ, ಹೋಗಿ ನೋಡು" ಎಂದು ನಕ್ಕರು. ಇರಬಹುದು. ಗಂಗಾಧರ್‌ಗೆ ನೋಡಿ ಬರಲು ಹೇಳಬೇಕು.

ಸೆಪ್ಟೆಂಬರ್ 18, ಬುಧವಾರ

ಎರಡನೇ ಸುತ್ತು. ಕಾಲೊನಿ 1.8. ಮೇಲಿನ ಬೀದಿ 4.1. ಲಾವಣ್ಯ ಒಬ್ಬಳದೇ 4.5.

ಹೂವಿನ ಕುಂಡವೂ ಇಲ್ಲ, ಮೂಲೆಯೂ ಇಲ್ಲ. ಗಂಗಾಧರ್ ಎರಡು ಸಲ ಹೋಗಿ ನೋಡಿ ಬಂದ, ಅಲ್ಲೇ ಮುದ್ದೆ ಊಟವನ್ನೂ ಮಾಡಿ ಬಂದ. ಎಲ್ಲ ಮನೆಯಲ್ಲೂ ಫಿಲ್ಟರ್ ತುಂಬಿದೆ, ನೀರೂ ಸರಿಯಾಗಿದೆ, ಮಕ್ಕಳು ಅದನ್ನೇ ಕುಡಿಯುತ್ತಿದ್ದಾರೆ. ಬಂದವನು ಇನ್ನೊಂದು ಸುದ್ದಿಯನ್ನೂ ತಂದ.

"ಬೇಜಾರ್ ಮಾಡ್ಕೋಬೇಡಿ. ಊರಲ್ಲಿ ಮಾತಾಡ್ಕೊಳ್ತಿದ್ದಾರೆ, ಅಮೃತ ತನ್ನ ಕಡೆಯೋರಿಗೆ ಒಳ್ಳೆ ಕಾಳು ಹಾಕವ್ಳೆ, ನಮಗೆ ಹಳೇದು ಅಂತ."

ಬೇಜಾರಾಗಲಿಲ್ಲ, ಸಿಟ್ಟು ಬಂತು. ಕಾಳು ಬಂದದ್ದು ಒಂದೇ ಚೀಲದಲ್ಲಿ. ಮೇಡಂ ಹಾಗೇನೂ ಅನ್ನಲಿಲ್ಲ. ಆದರೆ ಸ್ಯಾಂಪಲ್ ಅದಲುಬದಲಾಗಿರಬಹುದಾ ಎಂದು ಕೇಳಿದರು, ಮುಂದಿನ ಸುತ್ತಿಗೆ ಬಾಟಲಿಗಳ ಮೇಲೆ ಗಂಗಾಧರ್ ಚೀಟಿ ಅಂಟಿಸಲಿ ಎಂದರು. ಅಂಟಿಸಲಿ. ಅಂಟು ಜಾಸ್ತಿಯೇ ಹಚ್ಚಲಿ.

ಅಕ್ಟೋಬರ್ 8, ಮಂಗಳವಾರ

ಇವತ್ತು ಬೇಗ ಊರು ಮುಟ್ಟಿದೆ. ಬಂಡೆಯ ಬೋರಿನ ಹತ್ತಿರ ಆಶಾರಾಣಿ ಸಿಕ್ಕಿದಳು, ಲಕ್ಷ್ಮೀನರಸಮ್ಮನವರ ಸೊಸೆ, ಲಾವಣ್ಯಳ ತಾಯಿ. ಸೊಂಟದ ಮೇಲೊಂದು ತುಂಬಿದ ಬಿಂದಿಗೆ, ಕೈಯಲ್ಲೊಂದು ಕೊಡಪಾನ.

"ಮನೇಲಿ ಫಿಲ್ಟರ್ ಇದೆಯಲ್ಲ, ಇದ್ಯಾಕೆ ಹೊರ್ತಿದ್ದೀಯ?" ಎಂದು ಸುಮ್ಮನೆ ಕೇಳಿದೆ. ಮಾತಿಗೆ ಕೇಳಿದ್ದು.

"ಅದು ಕುಡಿಯಾಕೆ ಅಲ್ವಾ ಅಕ್ಕ? ಇದು ಅಡುಗೆಗೆ. ಬಂಡೆ ನೀರಾಗೆ ಬೇಳೆ ಬೆಣ್ಣೆ ಆದಂಗೆ ಆಗ್ತದೆ. ನಲ್ಲೀಲಿ ಬರಾ ಹೊತ್ಗೆ ಟ್ಯಾಂಕಿನ ವಾಸನೆ. ನಮ್ಮ ಬೀದಿಯೋರೆಲ್ಲಾ ಇದನ್ನೇ ತಗೊಂಡೋಗದು."

ದಾರಿಯಲ್ಲಿ ಹಾಗೇ ನಿಂತುಬಿಟ್ಟೆ. ಆ ಬೋರಿನ ನೀರಿನಲ್ಲಿ ಸುಣ್ಣದಂಶ ಕಡಿಮೆ, ಸೋಡಾದಂಶ ಹೆಚ್ಚು. ಅಂಥ ನೀರಿನಲ್ಲೇ ಫ್ಲೋರೈಡ್ ಹೆಚ್ಚು ಕರಗುವುದು, ಅಂಥ ನೀರಿನಲ್ಲೇ ಬೇಳೆ ಬೇಗ ಬೇಯುವುದು. ನಮ್ಮ ಫಿಲ್ಟರಿನ ಕಾಳು ಆ ಸೋಡಾವನ್ನೂ ಸ್ವಲ್ಪ ಹಿಡಿದುಕೊಳ್ಳುತ್ತದೆ. ಇದನ್ನು ನಾನು ಪರೀಕ್ಷೆಗೆ ಓದಿ ಅಂಕವನ್ನೂ ತೆಗೆದುಕೊಂಡಿದ್ದೇನೆ. ಅನ್ನ, ಸಾರು, ಮುದ್ದೆ, ಎಲ್ಲದರ ಮೂಲಕ ಮಗುವಿಗೆ ಅದೇ ನೀರು ಹೋಗುತ್ತಿದೆ. ಮುದ್ದೆ ಎಂದರೆ ಅರ್ಧ ನೀರೇ. ಅವರು ಸುಳ್ಳು ಹೇಳಿಲ್ಲ. ಯಾವ ನೀರು ಕುಡಿಯುತ್ತೀರಿ ಎಂದು ನಾವು ಕೇಳಿದ್ದೆವು, ಕುಡಿಯುವುದನ್ನು ಹೇಳಿದರು.

ಗಂಗಾಧರ್‌ಗೆ ಫೋನ್ ಮಾಡಿ, ಎರಡು ಸಲ ಮುದ್ದೆ ಉಂಡೆಯಲ್ಲ, ಯಾವ ನೀರಲ್ಲಿ ಮಾಡಿದ್ದು ಎಂದು ಕೇಳಿದೆ.

"ಊಟಕ್ಕೆ ಕೂತವನು ಅದನ್ನ ಕೇಳ್ತಾನೇನ್ರೀ?" ಎಂದ.

ಅಕ್ಟೋಬರ್ 9, ಬುಧವಾರ

ಆಶಾರಾಣಿ ಡಬ್ಬಿಯಲ್ಲಿ ಕೊಟ್ಟ ಸಾರಿನಲ್ಲಿ ಫ್ಲೋರೈಡ್ 4.7. ಕುದಿದು ಬತ್ತಿ ಬೋರಿಗಿಂತಲೂ ಗಟ್ಟಿಯಾಗಿದೆ.

ಮೇಡಂ ಕುರ್ಚಿಯಿಂದ ಎದ್ದೇಬಿಟ್ಟರು. ಆಮೇಲೆ ಮತ್ತೆ ಕೂತು ಕೇಳಿದರು: "ಹಾಗಾದ್ರೆ ಕಾಲೊನೀಲಿ ಅಡುಗೆಗೂ ಫಿಲ್ಟರ್ ನೀರು ಹಾಕ್ತಿದ್ದಾರಾ? ಅವರಿಗೆ ಯಾರು ಹೇಳಿದ್ರು?"

"ನಾನೇ."

"ಮತ್ತೆ ಮೇಲಿನ ಬೀದೀಲಿ ಯಾಕಮ್ಮ ಹೇಳಲಿಲ್ಲ?"

ಮರೆತೆ ಎಂದೆ. ಪ್ರಶ್ನಾವಳಿಯಲ್ಲೂ ಅದಿರಲಿಲ್ಲ, ಅದನ್ನು ಮಾಡಿದವರಲ್ಲಿ ತಾವೂ ಒಬ್ಬರು ಎಂದು ಮೇಡಂ ತಾವೇ ಒಪ್ಪಿಕೊಂಡು ಬಿಟ್ಟುಬಿಟ್ಟರು.

ಮರೆತದ್ದಲ್ಲ. ಕಾಲೊನಿಯಲ್ಲಿ ಬೇಳೆ ನನ್ನ ಕಣ್ಣೆದುರಿಗೆ ಬೇಯುತ್ತಿತ್ತು. ಮೇಲಿನ ಬೀದಿಯಲ್ಲಿ ಜಗಲಿಯಿಂದ ಒಲೆ ಕಾಣುವುದಿಲ್ಲ. ಜುಲೈನಿಂದ ಇಲ್ಲಿಯವರೆಗೆ ಒಂದು ಮನೆಯ ಹೊಸಿಲನ್ನೂ ನಾನು ದಾಟಿಲ್ಲ. ಬರಬೇಡ ಎಂದು ಯಾರೂ ಅಂದಿಲ್ಲ. ಬಾ ಎಂದೂ ಅಂದಿಲ್ಲ. ನಾನೂ ಕೇಳಿಲ್ಲ.

ಅಕ್ಟೋಬರ್ 16, ಬುಧವಾರ

ಲಕ್ಷ್ಮೀನರಸಮ್ಮನವರಿಗೆ ಬಿಡಿಸಿ ಹೇಳಿದೆ. ನಿಮ್ಮ ಮಂಡಿ ಹಿಡಿದಿರುವುದಕ್ಕೂ ಈ ನೀರೇ ಕಾರಣವಿರಬಹುದು, ಲಾವಣ್ಯಳ ಹಲ್ಲಿಗೂ ಇದೇ ನೀರು ಎಂದೆ. ಅವರು ಬಾಯಿ ತೆರೆದು ತಮ್ಮ ಹಲ್ಲಿನ ಮೇಲೆ ಬೆರಳಾಡಿಸಿದರು. ನನ್ನ ಹಲ್ಲಿನ ಬಣ್ಣವೇ, ಅದೇ ಪಟ್ಟೆ.

"ಎಲ್ಲಾ ಸರಿ ತಲ್ಲೀ. ಆ ಫಿಲ್ಟರ್ ನೀರಾಗೆ ಬೇಳೆ ಬೇಯಲ್ಲ. ಕಲ್ಲು ಕಲ್ಲಂಗೆ ಉಳ್ಕಂತದೆ. ಸಾರು ಕೆಟ್ರೆ ನಮ್ಮನೆ ಗಂಡಸ್ರು ತಟ್ಟೆ ಮುಂದೆ ಕೂರಲ್ಲ."

"ಬೇಯ್ತದಮ್ಮ. ನಾನೇ ಬೇಯಿಸಿ ತೋರಿಸ್ತೀನಿ."

ಮಾತು ಬಾಯಿಂದ ಹೊರಬಿದ್ದ ಮೇಲೆ ಏನು ಕೇಳಿದೆನೆಂದು ನನಗೂ ಗೊತ್ತಾಯಿತು. ಆಶಾರಾಣಿ ಅತ್ತೆಯ ಮುಖ ನೋಡಿದಳು. ಅತ್ತೆ ಬಾಗಿಲ ಪರದೆಯನ್ನು ಸರಿಮಾಡಿದರು. ಅದು ಸರಿಯಾಗಿಯೇ ಇತ್ತು.

"ಒಳಗೆ ಸೆಕೆ ಕಣಮ್ಮ. ಇಲ್ಲೇ ಗಾಳಿಗೆ ಒಲೆ ಇಟ್ಕೊಡ್ತೀನಿ" ಎಂದರು. ಹೊರಗೆ ತುಂತುರು ಬೀಳುತ್ತಿತ್ತು, ನಾನು ಸ್ವೆಟರ್ ಹಾಕಿಕೊಂಡಿದ್ದೆ. ಆಗಲಿ ಎಂದೆ.

ಜಗಲಿಗೆ ಒಂಟಿ ಬರ್ನರಿನ ಸ್ಟವ್ ಬಂತು. ಕುಕ್ಕರಿನ ರಬ್ಬರ್ ಹೋಗಿದೆಯಂತೆ, ಸೊಟ್ಟಗಾದ ಒಂದು ಸಿಲ್ವರ್ ಪಾತ್ರೆ ಬಂತು. ಬೇಳೆ ನೆನೆಯುವಷ್ಟರಲ್ಲಿ ಬೀದಿಯ ಹೆಂಗಸರೆಲ್ಲ ಸೇರಿದರು. ಗಾಳಿಗೆ ಉರಿ ನಿಲ್ಲದಿದ್ದಾಗ ಸೆರಗು ಅಡ್ಡ ಹಿಡಿದವಳು ಆಶಾರಾಣಿ. ನಾನು ಲ್ಯಾಬಿನಲ್ಲಿ ಯಾವ ಬೀಕರನ್ನೂ ಇಷ್ಟು ಹೆದರಿ ಕಾದಿಲ್ಲ. ಕೊನೆಗೆ ಲಕ್ಷ್ಮೀನರಸಮ್ಮ ನಾಲ್ಕು ಕಾಳು ಎತ್ತಿ ಬೆರಳ ನಡುವೆ ಹಿಸುಕಿ ನೋಡಿದರು. ಮೇಣವಾಯಿತು.

"ಬೆಂದೈತೆ" ಎಂದರು. "ನೆನೆಹಾಕ್ಬೇಕು ಅಷ್ಟೇ, ಅಲ್ವಾ?" ಹೆಂಗಸರೆಲ್ಲ ಒಬ್ಬೊಬ್ಬರಾಗಿ ಹಿಸುಕಿ ನೋಡಿ, ಎಷ್ಟು ಹೊತ್ತು ನೆನೆಸಬೇಕು, ಎಷ್ಟು ಕೂಗು ಎಂದು ಕೇಳಿಕೊಂಡರು. ಎಲ್ಲರೂ ಒಪ್ಪಿದರು. ನನಗೆ ಕುಣಿಯುವಷ್ಟು ಖುಷಿಯಾಯಿತು.

ಆಮೇಲೆ ಪಕ್ಕದ ಮನೆಯ ಫಿಲ್ಟರಿನ ನೀರಿನ ಸ್ಯಾಂಪಲ್ ತರಲು ಹೊರಟೆ, ಕೊಟ್ಟಿಗೆ ಬಳಸಿ ಹೋಗಬೇಕು. ಅಲ್ಲಿ ಆ ಸೊಟ್ಟ ಪಾತ್ರೆ, ನಾನು ಬೇಯಿಸಿದ ಬೇಳೆಯ ಸಮೇತ, ಹಸುವಿನ ಮುಂದಿತ್ತು. ಹಸು ತಳ ಕಾಣುವವರೆಗೂ ನೆಕ್ಕಿತು.

ಅಕ್ಟೋಬರ್ 17

ಜ್ವರ ಎಂದು ಹೇಳಿ ರಜೆ ಹಾಕಿದೆ. ಜ್ವರವಿಲ್ಲ.

ಅಕ್ಟೋಬರ್ 20, ಭಾನುವಾರ

ಅವಮಾನವಾಯಿತು. ಇದೊಂದು ಪದ ಬರೆಯಲು ಇಷ್ಟು ದಿನ ಬೇಕಾಯಿತು. ಪಾತ್ರೆ ಬಂದಾಗಲೇ ಗೊತ್ತಾಗಬೇಕಿತ್ತು. ಗೊತ್ತಾಗಿತ್ತು. ಒಪ್ಪಿದ್ದು ನಾನೇ. ಲಾವಣ್ಯ ನೆಪವೋ ಕಾರಣವೋ, ಯೋಚಿಸಿದಷ್ಟೂ ಬಗೆಹರಿಯುವುದಿಲ್ಲ.

ಅಪ್ಪನಿಗೆ ಫೋನಿನಲ್ಲಿ ಹೇಳಿದೆ. "ನೀರು ಬದಲಾಯಿಸಿದ್ರಾ ಅವರು?" ಎಂದರು. ಬದಲಾಯಿಸಿದ್ದಾರಂತೆ, ಆಶಾರಾಣಿ ಫೋನ್ ಮಾಡಿದ್ದಳು ಎಂದೆ. "ಮಗು ಉಳೀತದೆ ಬಿಡು" ಎಂದರು. ಆಮೇಲೆ, ನಾನು ಫೋನ್ ಇಡಬೇಕು ಎನ್ನುವಾಗ, "ನಾನಾಗಿದ್ರೆ ಬೇಯಿಸ್ತಿರಲಿಲ್ಲ" ಎಂದರು.

ನವೆಂಬರ್ 20, ಬುಧವಾರ

ಮೇಲಿನ ಬೀದಿ 1.9. ಲಾವಣ್ಯ 1.7.

ಬಾಟಲಿಗಳ ಚೀಟಿಯೆಲ್ಲ ಗಂಗಾಧರ್ ಅಂಟಿಸಿದ್ದು. ಮೇಡಂ ಹಾಳೆಯನ್ನು ಎರಡು ಸಲ ಓದಿ, ನನ್ನ ಭುಜ ಹಿಡಿದು ಒಮ್ಮೆ ಅಲ್ಲಾಡಿಸಿದರು. "ಅಂತೂ ನಿಮ್ಮ ಬೇಳೆ ಬೆಂತು ಬಿಡ್ರಿ" ಎಂದ ಗಂಗಾಧರ್. ನಗು ತಡೆಯಲಾಗಲಿಲ್ಲ. ಅವನು ಟಕ್ಕನೆ ಫೋಟೊ ತೆಗೆದ. ಅಳಿಸು ಎನ್ನುವುದು ಮರೆತುಹೋಯಿತು, ಈಗ ಅದು ಪ್ರಾಜೆಕ್ಟ್ ಗ್ರೂಪಿನಲ್ಲಿದೆ.

ಡಿಸೆಂಬರ್ 11, ಬುಧವಾರ

ಪರಿಶೀಲನಾ ಸಭೆ ಮುಗಿಯಿತು. ಫಿಲ್ಟರುಗಳು ಊರಲ್ಲೇ ಇರುತ್ತವೆ, ಉಳಿದ ಮನೆಗಳಿಗೂ ಕೊಡುತ್ತಾರೆ. ಟೀ ತಣ್ಣಗಿತ್ತು.

ಹೊಸ ಪ್ರಶ್ನಾವಳಿ ಬರೆಯುವ ಕೆಲಸ ನನಗೆ ಬಂತು. ಅಡುಗೆಗೆ ಯಾವ ನೀರು ಎಂಬುದನ್ನು ಸೇರಿಸಿದೆ. ಅದರ ಕೆಳಗೆ, ಉತ್ತರವನ್ನು ಒಲೆಯ ಬಳಿ ನಿಂತು ನೋಡಿ ಬರೆಯತಕ್ಕದ್ದು ಎಂದು ಹಾಕಿದೆ. "ಎಲ್ಲಾ ಮನೇಲೂ ಅದು ಆಗುತ್ತಾ?" ಎಂದು ಮೇಡಂ ಕೇಳಿದರು. ಆಗಬೇಕು ಎಂದೆ. ಆ ಸಾಲು ಹಾಗೇ ಉಳಿಯಿತು.

ಡಿಸೆಂಬರ್ 17, ಮಂಗಳವಾರ

ವರ್ಷದ ಕೊನೆಯ ಸ್ಯಾಂಪಲ್. ಬಸ್ಸಿನಲ್ಲಿ ಸೀಟು ಸಿಕ್ಕಿತು, ದಾಖಲಾಗಲಿ.

ಲಕ್ಷ್ಮೀನರಸಮ್ಮನವರ ಜಗಲಿಯ ತುಂಬ ಅವರೆಕಾಯಿ ರಾಶಿ. ಬೀದಿಯ ಹೆಂಗಸರೆಲ್ಲ ಸುಲಿಯಲು ಕೂತಿದ್ದರು. ನನಗೂ ಜಾಗ ಬಿಟ್ಟರು, ನಾನೂ ಒಂದು ಹಿಡಿ ತೆಗೆದುಕೊಂಡೆ. ಲಾವಣ್ಯ ಕಾಳನ್ನು ಮೂಗಿಗೆ ಹಾಕಿಕೊಳ್ಳಲು ನೋಡಿ ಅಮ್ಮನಿಂದ ಏಟು ತಿಂದಳು. ಅಳುವಾಗ ಹಲ್ಲೆಲ್ಲ ಕಂಡವು. ಹೊಸವು ಹೇಗೆ ಬರುತ್ತವೆಂದು ತಿಳಿಯಲು ಇನ್ನೂ ಮೂರ್ನಾಲ್ಕು ವರ್ಷ ಬೇಕು. ಆಗ ಬಂದು ನೋಡಬೇಕು.

"ಇರು ತಲ್ಲೀ, ಕಾಫಿ ತರ್ತೀನಿ" ಎಂದು ಲಕ್ಷ್ಮೀನರಸಮ್ಮ ಎದ್ದರು. ಈಗ ಕೈ ಊರದೆ ಏಳುತ್ತಾರೆ ಎಂದು ಬರೆಯಲು ಆಸೆ, ಆದರೆ ಹಾಗೇನಿಲ್ಲ. ಗೋಡೆ ಹಿಡಿದೇ ಎದ್ದರು.

"ನಂಗೆ ಲೋಟದಲ್ಲಿ ಕೊಡ್ರಮ್ಮ" ಎಂದೆ.

"ಏನಂದೆ?"

"ಪೇಪರ್ ಕಪ್ ಬೇಡ. ನಿಮ್ಮ ಲೋಟದಲ್ಲಿ ಕೊಡಿ."

ಅವರು ಬಾಗಿಲಲ್ಲೇ ಸ್ವಲ್ಪ ನಿಂತು ಒಳಗೆ ಹೋದರು. ಆಶಾರಾಣಿಯೂ ಹಿಂದೆಯೇ ಎದ್ದು ಹೋದಳು. ಕಾಫಿ ಬರುವುದು ಬಹಳ ತಡವಾಯಿತು. ಆಮೇಲೆ ಒಳಗಿನಿಂದ ಆಶಾರಾಣಿಯ ದನಿ ಕೇಳಿಸಿತು: "ತಗೊಂಡೋಗು ಅತ್ತೆ, ಆರೋಗ್ತದೆ."

ಸ್ಟೀಲ್ ಲೋಟ. ಸೆರಗಿನಲ್ಲಿ ಹಿಡಿದು ತಂದರು. ಕೈಗೆ ಕೊಡಲಿಲ್ಲ, ಜಗಲಿಯ ಮೇಲೆ ನನ್ನ ಮುಂದೆ ಇಟ್ಟರು. ನನ್ನ ತುಟಿಯೂ ಸುಟ್ಟಿತು. ಯಾವ ನೀರಮ್ಮ ಇದು ಎಂದು ಕೇಳಿದೆ. "ಫಿಲ್ಟರ್‌ದೇ ಕಣೇ, ನಿನ್ನ ಮುಂದೆ ಬೇರೇದು ಹಾಕ್ತೀನಾ?" ಎಂದರು. ಅವರಿಗೆ ನಗು ಬಂತು, ಆದರೆ ಕಣ್ಣು ಲೋಟದ ಮೇಲೇ ಇತ್ತು.

ಕುಡಿದು ಮುಗಿಸಿದೆ. ಅಂಗಳದ ನಲ್ಲಿ ಅಲ್ಲೇ ಪಕ್ಕದಲ್ಲಿತ್ತು, ಅದರ ಕೆಳಗೆ ಬೂದಿ, ತೆಂಗಿನ ನಾರು. ಎಲ್ಲರೂ ಅವರೆಕಾಯಿಯನ್ನೇ ನೋಡುತ್ತಿದ್ದರು, ಯಾರ ಬೆರಳೂ ಸುಲಿಯುತ್ತಿರಲಿಲ್ಲ. ನನ್ನ ಅಜ್ಜಿಯಾಗಿದ್ದರೆ ಏನು ಮಾಡುತ್ತಿದ್ದಳೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು, ನನಗೂ ಗೊತ್ತಿತ್ತು.

ಎಂಜಲು ಲೋಟವನ್ನು ತೊಳೆಯದೆ ಜಗಲಿಯ ಮೇಲೆ ಹಾಗೇ ಬಿಟ್ಟು, ಲಾವಣ್ಯಳ ಬಾಟಲಿ ತೆಗೆದುಕೊಂಡು ಎದ್ದೆ. ಪಕ್ಕದ ಮನೆ ಇನ್ನೂ ಬಾಕಿಯಿತ್ತು.